ಕಂತಿನ ಲೆಕ್ಕ, ಮೈಯ ಲೆಕ್ಕ

ಮಹಿಳಾ ಸಂಘದ ಪುಸ್ತಕ ತೆರೆದರೆ ಉಳಿತಾಯ, ಸಾಲ, ಅಸಲು, ಬಡ್ಡಿ, ದಂಡ, ಬಾಕಿ ಎಲ್ಲಕ್ಕೂ ಒಂದೊಂದು ಕಾಲಂ ಕಾಣುತ್ತದೆ. ಯಾರು ಎಷ್ಟು ತಂದರು, ಯಾರು ಸಭೆಗೆ ಬರಲಿಲ್ಲ ಎಂಬುದೂ ಅಲ್ಲಿ ಬರೆದಿರುತ್ತದೆ. ಆದರೆ ಈ ವಾರದ ಕಂತು ಕಟ್ಟಲು ಆಕೆ ಬೇಳೆ ಬಿಟ್ಟಳೋ, ಔಷಧಿ ಬಿಟ್ಟಳೋ, ನಿದ್ದೆ ಬಿಟ್ಟಳೋ ಎಂದು ಬರೆಯಲು ಕಾಲಂ ಇಲ್ಲ. ಬ್ಯಾಂಕಿನವರು, ಸರಕಾರದವರು, ಕಂಪನಿಯವರು ಮೊದಲು ಕೇಳುವುದು ಮರುಪಾವತಿ ನೂರಕ್ಕೆ ಎಷ್ಟು ಎಂದು. ತೊಂಬತ್ತೈದು, ತೊಂಬತ್ತೆಂಟು ಎಂಬ ಉತ್ತರ ಬಂದರೆ ಬಡತನವೇ ಅಷ್ಟು ಕಡಿಮೆಯಾಯಿತೇನೋ ಎಂಬಂತೆ ಸಂತೋಷಪಡುತ್ತಾರೆ. ಸಾಲ ತೀರಿತೆಂದರೆ ಸಾಲ ತೀರಿತು, ಅಷ್ಟೇ. ತೀರಿಸಿದ ಮೈ ಹೇಗಿದೆ ಎಂಬುದು ಬೇರೆ ಪ್ರಶ್ನೆ. ಈ ಬರಹ ಆ ಪ್ರಶ್ನೆಯನ್ನು ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ತಾಲ್ಲೂಕುಗಳಲ್ಲಿ ನಿಂತು ಕೇಳುತ್ತದೆ.

ಮೂರು ತಾಲ್ಲೂಕು, ಒಂದು ಗಡಿ

ಉಮರ್ಗಾ ಇರುವುದು ಈಗ ಧಾರಾಶಿವ ಎಂದು ಕರೆಯುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ನಿಲಂಗಾ, ಉದಗೀರ ಲಾತೂರ ಜಿಲ್ಲೆಗೆ ಸೇರಿವೆ. ಉಮರ್ಗಾದ ಆಚೆ ಆಳಂದ, ಬಸವಕಲ್ಯಾಣ. ಉದಗೀರದ ಆಚೆ ಬೀದರ ಜಿಲ್ಲೆ. 1956ರ ನವೆಂಬರ್ 1ರವರೆಗೆ ಇದೆಲ್ಲ ಹೈದರಾಬಾದ್ ರಾಜ್ಯದ ನೆಲ. ನಿಲಂಗಾ, ಉದಗೀರ ಅಂದು ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಗೆರೆ ನಡುವೆ ಬಿತ್ತು, ನೆಂಟಸ್ತಿಕೆ ಮಾತ್ರ ಗೆರೆ ದಾಟುತ್ತಲೇ ಉಳಿಯಿತು. ಇಂದಿಗೂ ಇಲ್ಲಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ, ತಾಂಡಾದಲ್ಲಿ ಲಂಬಾಣಿ ಕೇಳಿಸುತ್ತದೆ. ಭಾಲ್ಕಿಯ ತವರಿನಲ್ಲಿ ‘ಸಂಘ’ ಎನ್ನುವುದನ್ನೇ ಉದಗೀರದ ಗಂಡನ ಮನೆಯಲ್ಲಿ ‘ಬಚತ್ ಗಟ್’ ಎನ್ನುತ್ತಾರೆ.

ಕಪ್ಪು ನೆಲ, ತೊಗರಿ, ಸೋಯಾ, ನೀರಿದ್ದಲ್ಲಿ ಕಬ್ಬು. ಮಳೆ ಕೈಕೊಟ್ಟರೆ ಎಲ್ಲವೂ ಕೈಕೊಟ್ಟಂತೆ. 2016ರ ಏಪ್ರಿಲ್‌ನಲ್ಲಿ ಲಾತೂರ ಪಟ್ಟಣಕ್ಕೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದದ್ದನ್ನು ದೇಶವೆಲ್ಲ ನೋಡಿತು. ಹಳ್ಳಿಗಳಿಗೆ ರೈಲು ಹೋಗಲಿಲ್ಲ, ಕೊಡ ಹೊತ್ತ ಹೆಂಗಸರು ಹೋದರು. ಇಂಥ ಊರಿನಲ್ಲಿ ಸಾಲವೆಂದರೆ ವ್ಯಾಪಾರದ ಬಂಡವಾಳ ಎಂಬುದಕ್ಕಿಂತ ಮೊದಲು ಮುಂದಿನ ಮಳೆಯವರೆಗೆ ಉಸಿರು ಹಿಡಿಯುವ ಉಪಾಯ. ಬೀಜಕ್ಕೆ, ಆಸ್ಪತ್ರೆಗೆ, ಮಗಳ ಮದುವೆಗೆ, ಹಳೆಯ ಸಾಲದ ಬಡ್ಡಿಗೆ ಅದು ಬೇಕು. ಸಾವಕಾರನ ದರ ತಿಂಗಳಿಗೆ ನೂರಕ್ಕೆ ಮೂರು, ಐದು, ಆಪತ್ತಿನಲ್ಲಿ ಹತ್ತು. ಇನ್ನೊಂದು ಹಳೆಯ ದಾರಿ ಭಿಶಿ: ನಾಲ್ಕಾರು ಹೆಂಗಸರು ಕೂಡಿ ತಿಂಗಳಿಗೆ ಇಷ್ಟೆಂದು ಹಾಕಿ, ಚೀಟಿ ಎತ್ತಿ, ಒಬ್ಬೊಬ್ಬರಾಗಿ ಎತ್ತಿಕೊಳ್ಳುವುದು. ಬಚತ್ ಗಟ್ ಬರುವ ಮೊದಲೇ ಕೂಡಿ ಕೂಡಿಡುವ ಬುದ್ಧಿ ಇಲ್ಲಿತ್ತು ಎಂಬುದನ್ನು ಮರೆಯಬಾರದು.

ಭೂಕಂಪದ ನಂತರ

1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ನಾಲ್ಕು ಗಂಟೆಯ ಹೊತ್ತಿಗೆ ನೆಲ ನಡುಗಿತು. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾದಲ್ಲಿದ್ದು ಈಗ ಲೋಹಾರಾ ತಾಲ್ಲೂಕಿಗೆ ಸೇರಿರುವ ಸಾಸ್ತೂರ ಮತ್ತು ಸುತ್ತಲ ಹಳ್ಳಿಗಳು ಕಲ್ಲುಮಣ್ಣಿನ ರಾಶಿಯಾದವು. ಸುಮಾರು ಎಂಟು ಸಾವಿರ ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ದಪ್ಪ ಕಲ್ಲಿನ ಗೋಡೆಯೂ ಮಣ್ಣಿನ ಮಾಳಿಗೆಯೂ.

ಮನೆ ಮರಳಿ ಕಟ್ಟುವ ಕೆಲಸ ವಿಶ್ವ ಬ್ಯಾಂಕಿನ ನೆರವಿನಿಂದ ಶುರುವಾಯಿತು. ಬಿರುಕು ಬಿಟ್ಟ ಮನೆಗಳನ್ನು ದುರಸ್ತಿ ಮಾಡಿ ಗಟ್ಟಿಗೊಳಿಸುವ ಕಾರ್ಯಕ್ರಮದಲ್ಲಿ ಹಳ್ಳಿಗೂ ಸರಕಾರಕ್ಕೂ ನಡುವೆ ನಿಲ್ಲುವವರು ಬೇಕಾದರು. ಪ್ರೇಮಾ ಗೋಪಾಲನ್ ಮುನ್ನಡೆಸಿದ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಆ ಕೆಲಸಕ್ಕೆ ಹಳ್ಳಿಯ ಹೆಂಗಸರನ್ನೇ ನಿಲ್ಲಿಸಿತು. ‘ಸಂವಾದ ಸಹಾಯಕ’ ಎಂಬ ಹೆಸರಿನಲ್ಲಿ ಅವರು ಮನೆಮನೆಗೆ ಹೋಗಿ ಸರಕಾರದ ಹಣ ಎಷ್ಟು, ಕಬ್ಬಿಣ ಎಲ್ಲಿ ಹಾಕಬೇಕು, ಗೋಡೆಗೆ ಕಟ್ಟು ಹೇಗೆ ಕೊಡಬೇಕು ಎಂದು ತಿಳಿಸಿದರು. ಅಲ್ಲಿಯವರೆಗೆ ಚಾವಡಿಯ ಕಟ್ಟೆ ಹತ್ತದ ಹೆಂಗಸು ಇಂಜಿನಿಯರ್ ಎದುರು ನಿಂತು ಸಿಮೆಂಟಿನ ಲೆಕ್ಕ ಕೇಳಿದಳು. ಈ ಗುಂಪುಗಳೇ ಮುಂದೆ ಉಳಿತಾಯ ಗುಂಪುಗಳಾದವು. 2001ರಲ್ಲಿ ಗುಜರಾತಿನ ಭೂಕಂಪವಾದಾಗ ಇದೇ ನೆಲದ ಹೆಂಗಸರು ಕಚ್ಛಕ್ಕೆ ಹೋಗಿ, ಮನೆ ಕಳೆದುಕೊಂಡವರ ಜೊತೆ ಕೂತರು.

ಈ ಚರಿತ್ರೆ ನಮಗೆ ಬೇಕಾದದ್ದು ಒಂದು ಕಾರಣಕ್ಕೆ. ಇಲ್ಲಿ ಗುಂಪು ಹುಟ್ಟಿದ್ದು ಊರಿನ ಕೆಲಸದಿಂದ, ಹಣ ಆಮೇಲೆ ಬಂತು. ಮೊದಲು ಕೂಡಿ ಕೂತರು, ಮಾತಾಡಿದರು, ಊರು ಕಟ್ಟಿದರು, ನಂತರ ಪೆಟ್ಟಿಗೆ ಇಟ್ಟರು. ಪೆಟ್ಟಿಗೆ ಮೊದಲು ಬಂದು ಕೂಟ ಹಿಂದೆ ಬಂದಲ್ಲಿ ಏನಾಯಿತು ಎಂಬುದನ್ನು ಮುಂದೆ ನೋಡೋಣ.

ಭೂಕಂಪಕ್ಕೆ ಮೊದಲೇ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದ ನಡುವಿನಿಂದ ಸಣ್ಣ ಗುಂಪುಗಳನ್ನು ಕಟ್ಟುತ್ತಿತ್ತು. ಆ ಅನುಭವ ನಬಾರ್ಡ್‌ಗೆ ದಾರಿ ತೋರಿಸಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ನೋಂದಣಿಯಿಲ್ಲದ, ಅಡವಿಡಲು ಏನೂ ಇಲ್ಲದ ಹೆಂಗಸರ ಗುಂಪಿಗೆ ಬ್ಯಾಂಕು ಸಾಲ ಕೊಡಬಹುದು ಎಂದಾದದ್ದು ಆಗಲೇ. ಗಡಿಯ ಆಚೆ ಬೀದರದ ಜಿಲ್ಲಾ ಸಹಕಾರಿ ಬ್ಯಾಂಕು ಗುರುಪಾದಪ್ಪ ನಾಗಮಾರಪಳ್ಳಿ ಅವರ ಮುಂದಾಳತ್ವದಲ್ಲಿ ಈ ಜೋಡಣೆಯನ್ನು ಹಳ್ಳಿಹಳ್ಳಿಗೆ ಒಯ್ದು ಹೆಸರಾಯಿತು. ಈಚೆ, 1975ರಲ್ಲಿ ಹುಟ್ಟಿದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳವೂ 2011ರ ನಂತರ ರಾಷ್ಟ್ರೀಯ ಜೀವನೋಪಾಯ ಅಭಿಯಾನದ ಮಹಾರಾಷ್ಟ್ರ ರೂಪವಾದ ‘ಉಮೇದ್’ ಕೂಡ ಗುಂಪುಗಳನ್ನು ಕಟ್ಟುತ್ತಿವೆ.

ಎರಡು ಬಗೆಯ ಗುಂಪು

ಜನರ ಬಾಯಲ್ಲಿ ಎಲ್ಲವೂ ‘ಗುಂಪಿನ ಸಾಲ’. ಒಳಗೆ ಎರಡು ಬೇರೆ ಬೇರೆ ವಸ್ತುಗಳಿವೆ.

ಮೊದಲನೆಯದು ಸ್ವಸಹಾಯ ಗುಂಪು. ಹತ್ತರಿಂದ ಇಪ್ಪತ್ತು ಹೆಂಗಸರು. ತಮ್ಮ ಉಳಿತಾಯ, ತಮ್ಮ ನಿಯಮ, ತಮ್ಮ ಬಡ್ಡಿ. ಹದಿನೈದು ಜನ ತಿಂಗಳಿಗೆ ನೂರು ರೂಪಾಯಿಯಂತೆ ಹಾಕಿದರೆ ವರ್ಷಕ್ಕೆ 18,000 ರೂಪಾಯಿ. ಆ ಹಣ ಅವರೊಳಗೇ ತಿರುಗುತ್ತದೆ, ಸಾಲದೆ ಬಂದಾಗ ಬ್ಯಾಂಕು ಸೇರಿಸುತ್ತದೆ. ಎರಡನೆಯದು ಹಣಕಾಸು ಕಂಪನಿಗಳು ಕಟ್ಟುವ ಜಂಟಿ ಹೊಣೆಯ ಗುಂಪು, ಜನ ‘ಫೈನಾನ್ಸ್’ ಎನ್ನುವುದು ಇದನ್ನೇ. ಇಲ್ಲಿ ಉಳಿತಾಯವಿಲ್ಲ, ಪೆಟ್ಟಿಗೆಯಿಲ್ಲ. ಸಾಲ ಒಬ್ಬೊಬ್ಬಳ ಹೆಸರಿಗೆ, ಜಾಮೀನು ಎಲ್ಲರ ತಲೆಗೆ. ಒಬ್ಬಳ ಕಂತು ತಪ್ಪಿದರೆ ಉಳಿದವರು ಏಳುವಂತಿಲ್ಲ.

ಲೆಕ್ಕ ಹಾಕಿ ನೋಡಬಹುದು. ನಲವತ್ತು ಸಾವಿರ ರೂಪಾಯಿ ಸಾಲ, ಎರಡು ವರ್ಷದ ಗಡುವು. ಗುಂಪಿನೊಳಗೆ ತಿಂಗಳಿಗೆ ನೂರಕ್ಕೆ ಒಂದರಂತೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿಯಾದರೆ ಕಂತು ಸುಮಾರು 1,883 ರೂಪಾಯಿ, ಎರಡು ವರ್ಷದ ಬಡ್ಡಿ 5,200ರ ಆಸುಪಾಸು. ಸ್ವಂತ ಪೆಟ್ಟಿಗೆಯ ಹಣವಾದರೆ ಆ ಬಡ್ಡಿ ಗುಂಪಿನ ಪೆಟ್ಟಿಗೆಗೇ ಮರಳುತ್ತದೆ. ಕಂಪನಿಯ ಸಾಲ ವರ್ಷಕ್ಕೆ ನೂರಕ್ಕೆ 24ರಂತಾದರೆ ಕಂತು 2,115, ಬಡ್ಡಿ ಸುಮಾರು 10,750, ಅದು ಊರು ಬಿಟ್ಟು ಹೋಗುತ್ತದೆ. ಸಾವಕಾರನ ಬಳಿ ನೂರಕ್ಕೆ ಐದಾದರೆ ತಿಂಗಳಿಗೆ ಬರೀ ಬಡ್ಡಿ 2,000. ಎರಡು ವರ್ಷಕ್ಕೆ 48,000 ಕೊಟ್ಟ ಮೇಲೂ ನಲವತ್ತು ಸಾವಿರ ಅಸಲು ಹಾಗೇ ನಿಂತಿರುತ್ತದೆ. ಹೆಂಗಸರು ಫೈನಾನ್ಸ್‌ನತ್ತ ಏಕೆ ಹೋಗುತ್ತಾರೆ ಎಂದು ಬೈಯುವವರು ಈ ಮೂರನೆಯ ಲೆಕ್ಕ ನೋಡಬೇಕು. ಸಾವಕಾರನ ಹೊಸ್ತಿಲಿಗಿಂತ ಅದು ಮೇಲು. ಬ್ಯಾಂಕಿನ ಹಣ ಆರು ತಿಂಗಳು ಅಲೆದ ಮೇಲೆ ಬಂದರೆ, ಫೈನಾನ್ಸ್‌ನ ಹಣ ಮಗು ಜ್ವರದಲ್ಲಿರುವ ವಾರವೇ ಬರುತ್ತದೆ.

ತೊಂದರೆ ಮೊದಲ ಸಾಲದಲ್ಲಿ ಇರುವುದು ಕಡಿಮೆ, ಎರಡನೆಯ ಮೂರನೆಯದರಲ್ಲಿ ಹೆಚ್ಚು. ಒಂದರ ಕಂತಿಗೆ ಇನ್ನೊಂದನ್ನು ತೆಗೆದು, ಸೋಮವಾರ ಒಬ್ಬರ ಹಪ್ತೆ, ಗುರುವಾರ ಇನ್ನೊಬ್ಬರದು ಎಂದಾದಾಗ ಕೂಲಿ ವಾರಕ್ಕೆ ಮೊದಲೇ ಖರ್ಚಾಗಿರುತ್ತದೆ. ಆಗ ಪಕ್ಕದ ಮನೆಯ ಗೆಳತಿಯೇ ವಸೂಲಿಗೆ ಬಾಗಿಲಲ್ಲಿ ನಿಲ್ಲುತ್ತಾಳೆ. ಸಕ್ಕರೆ, ಎಣ್ಣೆ ಕೈಗಡ ಕೊಡುತ್ತಿದ್ದ ನಂಟು ಕಂತಿನ ಭಯಕ್ಕೆ ಹರಿಯುತ್ತದೆ. ಬಡವರಿಗೆ ಇರುವ ಒಂದೇ ವಿಮೆ ನೆರೆಹೊರೆ. ಸಾಲ ಅದನ್ನೇ ಅಡವಿಡಿಸಿಕೊಂಡರೆ ಉಳಿಯುವುದೇನು?

ಅಧ್ಯಯನಗಳು ಹೇಳಿದ್ದು

ಕಿರುಸಾಲದ ಮೇಲಿನ ಭರವಸೆ ಬೆಳೆದದ್ದು ಬಾಂಗ್ಲಾದೇಶದಿಂದ. ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಎಂಬ ಹಳ್ಳಿಯಲ್ಲಿ ಶುರುಮಾಡಿದ ಕೆಲಸ ಗ್ರಾಮೀಣ ಬ್ಯಾಂಕಾಗಿ, 2006ರಲ್ಲಿ ಶಾಂತಿಯ ನೊಬೆಲ್ ಪಡೆಯಿತು. ಅದೇ ದೇಶದಿಂದಲೇ ಮೊದಲ ದೊಡ್ಡ ಅನುಮಾನವೂ ಬಂತು. 1996ರಲ್ಲಿ ಆನ್ ಮೇರಿ ಗೋಯೆಟ್ಜ್ ಮತ್ತು ರೀನಾ ಸೇನ್ ಗುಪ್ತಾ, ಹೆಂಗಸರ ಹೆಸರಿನ ಸಾಲದ ದೊಡ್ಡ ಪಾಲು ಗಂಡಸರ ಕೈಯಲ್ಲಿ ಖರ್ಚಾಗುತ್ತದೆ, ತೀರಿಸುವ ಹೊಣೆ ಮಾತ್ರ ಹೆಂಗಸರ ಮೇಲೆ ಉಳಿಯುತ್ತದೆ ಎಂದು ತೋರಿಸಿದರು. 2001ರಲ್ಲಿ ನೈಲಾ ಕಬೀರ್ ಇದಕ್ಕೆ ಮತ್ತೊಂದು ಮುಖ ತೋರಿಸಿದರು: ಹೆಂಗಸರನ್ನೇ ಕೇಳಿದರೆ, ಮನೆಗೆ ಹಣ ತಂದವಳು ಎಂಬ ಬೆಲೆ ತಮಗೆ ಬಂದಿದೆ ಎಂದೇ ಹೇಳುತ್ತಾರೆ. ಎರಡೂ ನಿಜವಿರಬಹುದು. ಹಣ ಅವನ ಕೈಗೆ ಹೋದರೂ ತಂದವಳು ಅವಳು ಎಂಬುದು ಅಡುಗೆಮನೆಯಲ್ಲಿ ಒಂದು ತೂಕ.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅರ್ಧಕ್ಕೆ ಕಿರುಸಾಲ ಮೊದಲು ಬಂತು, ಅರ್ಧಕ್ಕೆ ತಡವಾಗಿ. ಅಂಗಡಿ ಇದ್ದವರು ಅಂಗಡಿ ಹಿಗ್ಗಿಸಿದರು, ಕೆಲವರು ಬಾಳಿಕೆಯ ಸಾಮಾನು ಕೊಂಡರು. ಆದರೆ ಆರೋಗ್ಯ, ಮಕ್ಕಳ ಓದು, ಮನೆಯಲ್ಲಿ ಹೆಂಗಸಿನ ಮಾತಿನ ಬೆಲೆ ಇವುಗಳಲ್ಲಿ ಗುರುತಿಸುವಂಥ ಬದಲಾವಣೆ ಕಾಣಲಿಲ್ಲ. ಅದೇ ವರ್ಷ ಒಟ್ಟಿಗೆ ಬಂದ ಆರು ದೇಶಗಳ ಅಧ್ಯಯನಗಳ ಸಾರವೂ ಇದೇ: ಸ್ವಲ್ಪ ಒಳ್ಳೆಯದು, ಬದುಕು ತಿರುಗಿಸುವಷ್ಟಲ್ಲ.

ಇವು ಬಹುಪಾಲು ಕಂಪನಿ ಬಗೆಯ ಸಾಲದ ಅಧ್ಯಯನಗಳು ಎಂಬುದನ್ನು ಗಮನಿಸಬೇಕು. ಸ್ವಸಹಾಯ ಗುಂಪುಗಳ ಚಿತ್ರ ಬೇರೆ. ಮಹಾರಾಷ್ಟ್ರವೂ ಸೇರಿ ಐದು ರಾಜ್ಯಗಳ ಮಾಹಿತಿಯನ್ನು ನೋಡಿದ ರಂಜುಲಾ ಬಾಲಿ ಸ್ವೇನ್ ಮತ್ತು ಫಾನ್ ಯಾಂಗ್ ವಾಲೆಂಟಿನ್ 2009ರಲ್ಲಿ, ಗುಂಪಿನ ಸದಸ್ಯೆಯರ ಸಬಲತೆ ಕಾಲಕ್ರಮೇಣ ಹೆಚ್ಚಿದ್ದನ್ನು ಕಂಡರು. 2015ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಕ್ಯಾಂಪ್ಬೆಲ್ ಸಮೀಕ್ಷೆಯೂ ಸ್ವಸಹಾಯ ಗುಂಪುಗಳಿಂದ ಹೆಂಗಸರ ಆರ್ಥಿಕ, ಸಾಮಾಜಿಕ, ರಾಜಕೀಯ ಬಲ ಹೆಚ್ಚುತ್ತದೆ ಎಂದಿತು. ಮನಸ್ಸಿನೊಳಗಿನ ಬಲಕ್ಕೆ ಅಂಥ ಪುರಾವೆ ಸಿಗಲಿಲ್ಲ ಎಂಬುದನ್ನೂ ಹೇಳಿತು.

ನಮ್ಮ ಪ್ರಶ್ನೆಗೆ ಹತ್ತಿರದ್ದು ವಯನಾಡಿನ ಅಧ್ಯಯನ. ಕೆ.ಎಸ್. ಮೊಹಿಂದ್ರ, ಸ್ಲಿಮ್ ಹದ್ದಾದ್ ಮತ್ತು ಡಿ. ನಾರಾಯಣ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇರಳದ ಒಂದು ಪಂಚಾಯತಿಯ ಬಡ ಹೆಂಗಸರ ಆರೋಗ್ಯ ಕೇಳಿದರು. ಮನೆಯಲ್ಲಿ ಗುಂಪಿನ ಸದಸ್ಯೆ ಇದ್ದವರು ಚಿಕಿತ್ಸೆಯಿಂದ ಹೊರಗುಳಿಯುವುದು ಕಡಿಮೆ. ಗುಂಪು ಸೇರಿ ವರ್ಷಗಳಾದವರಲ್ಲಿ ಮನಸ್ಸಿನ ಒತ್ತಡ ಕಡಿಮೆ. ಆದರೆ ‘ನಿಮ್ಮ ಆರೋಗ್ಯ ಹೇಗಿದೆ’ ಎಂದು ಕೇಳಿದಾಗ ಬಂದ ಉತ್ತರಕ್ಕೂ ಸದಸ್ಯತ್ವಕ್ಕೂ ನಂಟು ಕಾಣಲಿಲ್ಲ. ಅಂದರೆ ಗುಂಪು ಆಸ್ಪತ್ರೆಯ ಬಾಗಿಲವರೆಗೆ ಕರೆದೊಯ್ಯುತ್ತದೆ, ರೋಗದ ಬೇರಿನವರೆಗೆ ಅದೊಂದೇ ಹೋಗಲಾರದು.

ಬೇರು ಎಲ್ಲಿದೆ ಎಂಬುದಕ್ಕೆ ಸುಪ್ರಿಯಾ ಗರಿಕಿಪಾಟಿ 2008ರಲ್ಲಿ ಮಹಬೂಬನಗರದಿಂದ ಒಂದು ಉತ್ತರ ಕೊಟ್ಟರು. ಹೆಂಗಸರ ಸಾಲದಿಂದ ಮನೆಗೆ ಬಲ ಬಂತು, ಹೆಂಗಸಿಗೆ ಅಷ್ಟು ಬರಲಿಲ್ಲ. ಸಾಲದಿಂದ ಬೆಳೆದ ಆಸ್ತಿ ಅವಳ ಹೆಸರಿನಲ್ಲಿ ಇರಲಿಲ್ಲವಲ್ಲ! ಮಹಬೂಬನಗರ ನಮ್ಮದೇ ಹಳೆಯ ಹೈದರಾಬಾದ್ ಸಂಸ್ಥಾನದ ಬರದ ನೆಲ. ಅಲ್ಲಿನ ಮಾತು ನಿಲಂಗಾಕ್ಕೂ ಸಲ್ಲುತ್ತದೆ.

ಗುಂಪಿನ ಹೊರಗೆ ಉಳಿದವಳು

ಇಷ್ಟೆಲ್ಲ ಲೆಕ್ಕದೊಳಗೆ ಬಾರದ ಒಬ್ಬಳಿದ್ದಾಳೆ. ದಸರೆ, ದೀಪಾವಳಿ ಮುಗಿದ ಮೇಲೆ ಮರಾಠವಾಡದ ಹಳ್ಳಿಗಳಿಂದ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಸಾವಿರಾರು ಕುಟುಂಬ ಹೊರಡುತ್ತವೆ. ಹೊರಡುವ ಮೊದಲು ಕೂಲಿಗಳನ್ನು ಕಲೆಹಾಕುವ ಮುಕಾದಮನಿಂದ ‘ಉಚಲ್’ ಎಂಬ ಮುಂಗಡ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’, ಒಂದು ಕುಡುಗೋಲು. ಇಬ್ಬರ ದುಡಿಮೆ ಒಂದೇ ಲೆಕ್ಕಕ್ಕೆ, ಹಣ ಅವನ ಕೈಗೆ. ಕೆಲಸಕ್ಕೆ ಬಾರದ ದಿನಕ್ಕೆ ‘ಖಾಡಾ’ ಎಂಬ ದಂಡ. ಇದೂ ಕಿರುಸಾಲವೇ. ತೀರುವುದು ಮೈಯಿಂದ.

ತಿಂಗಳ ಮೈಲಿಗೆಯ ದಿನವೂ ರಜೆಯಿಲ್ಲ, ನೀರಿಲ್ಲ, ಮರೆಯಿಲ್ಲ. ಪಕ್ಕದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರಕಾರಿ ಸಮಿತಿ 82,309 ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿದಾಗ 13,861 ಮಂದಿಯ ಗರ್ಭಕೋಶ ತೆಗೆದಿರುವುದು ಗೊತ್ತಾಯಿತು. ಆರರಲ್ಲಿ ಒಬ್ಬಳು. ಸಾಲ, ಕೂಲಿ ಮತ್ತು ಹೆಣ್ಣಿನ ಮೈ ಒಂದೇ ಹಗ್ಗದ ಮೂರು ಎಳೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಐದಾರು ತಿಂಗಳು ಊರಲ್ಲೇ ಇರದವಳು ಬಚತ್ ಗಟ್‌ನ ಸಭೆಗೆ ಹೇಗೆ ಬಂದಾಳು? ಸಭೆ ತಪ್ಪಿದರೆ ದಂಡ, ಉಳಿತಾಯ ತಪ್ಪಿದರೆ ಹೆಸರು ಹೊರಗೆ. ಹೀಗೆ ಬಡವರಲ್ಲಿ ಬಡವಳು, ಹೆಚ್ಚಾಗಿ ದಲಿತ ಕೇರಿಯವಳು, ತಾಂಡಾದವಳು, ಯಾರಿಗಾಗಿ ಈ ಏರ್ಪಾಡು ಹುಟ್ಟಿತೋ ಅವಳೇ, ನಿಯಮದ ಬಾಗಿಲಿನಿಂದ ಹೊರಗೆ ಬೀಳುತ್ತಾಳೆ.

ಗೆರೆಯ ಎರಡೂ ಬದಿ

ಕಂಪನಿ ಸಾಲ ಅತಿಯಾದಾಗ ಏನಾಗುತ್ತದೆ ಎಂಬುದನ್ನು 2010ರಲ್ಲಿ ಆಂಧ್ರ ತೋರಿಸಿತು. ಆತ್ಮಹತ್ಯೆಗಳ ಸುದ್ದಿ ಬಂದು, ಅಕ್ಟೋಬರ್‌ನಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕಿನ ಮಾಳೇಗಾಮ್ ಸಮಿತಿ ಕೂತಿತು, ನಿಯಮಗಳು ಬಂದವು. 2022ರ ಏಪ್ರಿಲ್‌ನಿಂದ ಜಾರಿಯಾದ ಹೊಸ ಚೌಕಟ್ಟಿನಂತೆ ವರ್ಷದ ಆದಾಯ ಮೂರು ಲಕ್ಷ ರೂಪಾಯಿಯೊಳಗಿನ ಕುಟುಂಬಕ್ಕೆ ಅಡವಿಲ್ಲದೆ ಕೊಟ್ಟ ಸಾಲವೆಲ್ಲ ಕಿರುಸಾಲ. ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಕರೆ ಮಾಡಬಾರದು. ಕರಾರು ಸಾಲ ಪಡೆದವಳಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಇದೇ ಚೌಕಟ್ಟು ಕಂಪನಿಗಳ ಬಡ್ಡಿಗಿದ್ದ ಮಿತಿಯನ್ನೂ ತೆಗೆದುಹಾಕಿತು.

ಅರ್ಥವಾಗುವ ಭಾಷೆ ಎಂಬ ಮಾತು ಈ ಗಡಿಯಲ್ಲಿ ಹಗುರದ್ದಲ್ಲ. ಮನೆಯಲ್ಲಿ ಕನ್ನಡವನ್ನೋ ಲಂಬಾಣಿಯನ್ನೋ ಆಡುವ, ಯಾವ ಲಿಪಿಯನ್ನೂ ಓದಲು ಕಲಿಯದ ಹೆಂಗಸಿಗೆ ಅರ್ಥವಾಗುವ ಭಾಷೆಯೆಂದರೆ ಎದುರು ಕೂತು ಬಾಯಲ್ಲಿ ಹೇಳಿದ ಮಾತು. ಅದನ್ನು ಹೇಳುವವರು ಯಾರು?

2025ರ ಜನವರಿಯಲ್ಲಿ ಕರ್ನಾಟಕದ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನವೂ ಬಂತು. ಫೆಬ್ರವರಿ 12ರಂದು ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಎನ್ನುವ ಅಧ್ಯಾದೇಶ ಜಾರಿಯಾಗಿ, ನಂತರ ಕಾಯ್ದೆಯಾಯಿತು. ಆದರೆ ರಾಜ್ಯದ ಕಾನೂನು ರಾಜ್ಯದ ಗೆರೆಗೆ ನಿಲ್ಲುತ್ತದೆ. ಬೀದರ ಜಿಲ್ಲೆಯ ಔರಾದದಲ್ಲಿರುವ ಅಕ್ಕನಿಗೆ ಇರುವ ರಕ್ಷಣೆ ಉದಗೀರಕ್ಕೆ ಕೊಟ್ಟ ತಂಗಿಗೆ ಇಲ್ಲ. ಅಕ್ಕನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ, ತಂಗಿಗೆ 2024ರಲ್ಲಿ ಶುರುವಾದ ಲಾಡಕಿ ಬಹೀಣ್ ಯೋಜನೆಯ 1,500. ಸಾಲವಲ್ಲದ ಈ ಹಣ ಹೆಣ್ಣಿನ ಖಾತೆಗೇ ಬರುತ್ತದೆ. ಅದು ಅವಳ ತಾಟಿಗೆ ಬೀಳುತ್ತದೋ ಹಳೆಯ ಕಂತಿಗೆ ಹೋಗುತ್ತದೋ ಎಂಬುದನ್ನು ಎರಡೂ ಸರಕಾರಗಳು ಕೇಳಬೇಕು.

ಬಿಟ್ಟ ಕಾಲಂ

ಇಷ್ಟು ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇದು. ಹೆಣ್ಣಿನ ಬಾಳು ಸುಧಾರಿಸಿದ್ದು ಸಾಲ ಸಿಕ್ಕಿತೆಂದಲ್ಲ, ಆ ಸಾಲದ ಸುತ್ತ ಕೂತ ಗುಂಪಿಗೆ ಹಣದ ಆಚೆಯ ಕೆಲಸವೂ ಇತ್ತೆಂದು. ಸಾಸ್ತೂರ, ಕಿಲ್ಲಾರಿಯ ಸುತ್ತ ಅದು ಮನೆ ಕಟ್ಟುವ ಕೆಲಸ. ಈಗ ಅಹಿಲ್ಯಾನಗರ ಎಂದು ಕರೆಯುವ ನೆರೆಯ ಅಹಮದನಗರ ಜಿಲ್ಲೆಯ ಜಾಮಖೇಡದಲ್ಲಿ ರಜನಿಕಾಂತ ಮತ್ತು ಮೇಬೆಲ್ ಆರೋಳೆ ದಂಪತಿ 1970ರಿಂದ ಕಟ್ಟಿದ ಕೆಲಸದಲ್ಲಿ ಅದು ಆರೋಗ್ಯ. ಓದು ಬಾರದ ಹಳ್ಳಿಯ ಹೆಂಗಸರೇ ಅಲ್ಲಿ ಬಸಿರು ಬಾಣಂತಿಯರನ್ನು ನೋಡಿಕೊಂಡರು, ಅವರ ಬೆನ್ನಿಗೆ ಮಹಿಳಾ ಮಂಡಳಗಳು ನಿಂತವು. ಬರದ ನಂತರ ಸ್ವಯಂ ಶಿಕ್ಷಣ ಪ್ರಯೋಗದ ಗುಂಪುಗಳಲ್ಲಿ ಅದು ಒಂದು ಎಕರೆಯ ಬೇಸಾಯ. ಹೆಂಗಸು ಮನೆಯವರ ಜೊತೆ ಮಾತಾಡಿ ಒಂದೆಕರೆ ತನ್ನ ಪಾಲಿಗೆ ಕೇಳಿ, ಕಬ್ಬು ಸೋಯಾ ಬಿಟ್ಟು ಕಾಳು, ಧಾನ್ಯ, ಕಾಯಿಪಲ್ಯ ಬೆಳೆಯುತ್ತಾಳೆ. ಮೊದಲು ಮನೆಯ ಗಡಿಗೆ ತುಂಬುತ್ತದೆ, ಉಳಿದದ್ದು ಸಂತೆಗೆ. ಗರಿಕಿಪಾಟಿ ಕಂಡ ಕೊರತೆಗೆ ಈ ನೆಲ ತಾನೇ ಹುಡುಕಿದ ಉತ್ತರ ಅದು: ಸಾಲಕ್ಕೆ ಮೊದಲು ನೆಲದ ಮೇಲೆ ಹಿಡಿತ. ಮಹಾರಾಷ್ಟ್ರದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 54 ಮಂದಿಗೆ ರಕ್ತ ಕಡಿಮೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ರಕ್ತ ತುಂಬಬೇಕಾದದ್ದು ಈ ಗಡಿಗೆಯಿಂದಲೇ.

ಆದ್ದರಿಂದ ಆಗಬೇಕಾದದ್ದು ದೊಡ್ಡದೇನಲ್ಲ. ಕಬ್ಬಿಗೆ ಹೋಗುವವಳಿಗಾಗಿ ನಿಯಮ ಬಾಗಲಿ. ಅವಳ ಉಳಿತಾಯ ಮಳೆಗಾಲಕ್ಕೆ ಒಟ್ಟಾಗಿ ಬರಲಿ, ಬ್ಯಾಂಕಿನ ಸಾಲ ಉಚಲ್ ಹಂಚುವ ಮೊದಲೇ ಕೈ ಸೇರಲಿ. ಬರದ ವರ್ಷ ಕಂತು ತಾನಾಗಿ ಮುಂದೆ ಹೋಗಲಿ. ಗುಂಪಿನ ಪೆಟ್ಟಿಗೆಯಲ್ಲಿ ಒಂದು ಪಾಲು ಬಡ್ಡಿಯಿಲ್ಲದ ಆಸ್ಪತ್ರೆಯ ಹಣವಾಗಿ ಬೇರೆ ಇರಲಿ.

ಮತ್ತೆ ಆ ಪುಸ್ತಕ. ಉಳಿತಾಯ, ಸಾಲ, ಬಡ್ಡಿ, ಬಾಕಿ ಆದ ಮೇಲೆ ಬಲಗಡೆ ಇನ್ನೂ ಒಂದಿಷ್ಟು ಜಾಗ ಇರುತ್ತದೆ. ಅಲ್ಲಿ ಒಂದು ಗೆರೆ ಎಳೆಯಬಹುದು. ಈ ತಿಂಗಳು ಕಾಯಿಲೆ ಬಿದ್ದವರು ಯಾರು, ಆಸ್ಪತ್ರೆಗೆ ಹೋದರೇ, ಕಂತಿಗಾಗಿ ಊಟ ಬಿಟ್ಟವರು ಇದ್ದಾರೆಯೇ ಎಂದು ಸಭೆಯಲ್ಲಿ ಕೇಳಿ ಬರೆಯಬಹುದು. ಕೇಳುವುದಕ್ಕೆ ಯಾವ ಬ್ಯಾಂಕಿನ ಅಪ್ಪಣೆಯೂ ಬೇಡ. ಮೂವತ್ತು ವರ್ಷದ ಹಿಂದೆ ಇಂಜಿನಿಯರಿನ ಎದುರು ಸಿಮೆಂಟಿನ ಲೆಕ್ಕ ಕೇಳಿದ ಊರಿನ ಹೆಂಗಸರಿಗೆ ಈ ಲೆಕ್ಕ ಕೇಳುವುದು ಕಷ್ಟವಲ್ಲ. ಒಮ್ಮೆ ಬರೆದಿಟ್ಟರೆ, ಮರುಪಾವತಿ ನೂರಕ್ಕೆ ಎಷ್ಟು ಎಂದು ಕೇಳಲು ಬಂದವರಿಗೆ ಅದೇ ಪುಟ ತಿರುಗಿಸಿ, ಬಲಗಡೆಯ ಕಾಲಂ ಮೊದಲು ಓದಿ ಎನ್ನಬಹುದು.